ಹಡಗು ಕಟ್ಟುವ ಪೆರಿನಾ

ಬೆಳಗಿನ ಐದೂವರೆ. ಹಡಗು ನಿಲ್ಲುವ ಧಕ್ಕೆಯ ಕಲ್ಲುಗಳು ಇಬ್ಬನಿಗೆ ಜಾರುತ್ತಿವೆ. ಗಂಡನ ಹಳೆಯ ರಬ್ಬರ್ ಬೂಟು ಹಾಕಿ, ನರೆತ ಕೂದಲಿಗೆ ವಸ್ತ್ರ ಬಿಗಿದು, ಪೆರಿನಾ ಮಾರ್ದೆಷಿಚ್ ನೀರಿನ ಅಂಚಿನಲ್ಲಿ ನಿಂತಿದ್ದಾರೆ. ಮೂವತ್ತಾರು ಪ್ರಯಾಣಿಕರ ಬಿಳಿಯ ಹಡಗು ‘ಜೋರಾನಾ’ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿದೆ. ಮೇಲಿನಿಂದ ನಾವಿಕನೊಬ್ಬ ತೆಳುವಾದ ಹಗ್ಗ ಎಸೆಯುತ್ತಾನೆ. ತುದಿಯಲ್ಲಿ ಗಂಟು ಹಾಕಿದ ಗುಂಡು. ಅದು ಪೆರಿನಾ ಅವರಿಂದ ಎರಡು ಮಾರು ಆಚೆ ಬಿದ್ದು ನೀರಿನ ಕಡೆ ಉರುಳುತ್ತದೆ. ಅವರು ಅದನ್ನು ಬೂಟಿನಿಂದ ತುಳಿದು ಹಿಡಿಯುತ್ತಾರೆ.

“ಶ್ಯೋರಾ ಪೆರಿನಾ, ಕೈಗೇ ಕೊಡೋಣ ಅಂತಿದ್ದೆ!” ನಾವಿಕ ಕೂಗುತ್ತಾನೆ. ಹಿರಿಯ ಹೆಂಗಸರನ್ನು ಇಲ್ಲಿ ಶ್ಯೋರಾ ಎನ್ನುವುದು ವಾಡಿಕೆ.

“ನೀನು ಮೀನುಗಳಿಗೆ ಕೊಡೋಣ ಅಂತಿದ್ದೆ ಕಣೋ. ಮದುವೆ ಗೊತ್ತಾದಾಗಿಂದ ಹಗ್ಗ ನೆಟ್ಟಗೆ ಬೀಳ್ತಾ ಇಲ್ಲ ನಿಂದು.”

ತೆಳು ಹಗ್ಗದ ಬೆನ್ನಿಗೆ ತೋಳಿನಷ್ಟು ದಪ್ಪದ ಹಗ್ಗ ನೀರು ಸುರಿಸುತ್ತ ಬರುತ್ತದೆ. ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ ಎಳೆದು, ಅದರ ಕುಣಿಕೆಯನ್ನು ದಡದ ಕಬ್ಬಿಣದ ಗೂಟಕ್ಕೆ ಹಾಕಿ, ತಕ್ಷಣ ಮೂರು ಹೆಜ್ಜೆ ಹಿಂದೆ ಸರಿಯುತ್ತಾರೆ. ಒಂದು ಹಡಗಿಗೆ ಇಂಥ ನಾಲ್ಕು ಹಗ್ಗ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ನಾಲ್ಕೈದು ಹಡಗು. ಬಂದಾಗ ಕಟ್ಟಬೇಕು, ಹೊರಟಾಗ ಬಿಚ್ಚಬೇಕು. ಐವತ್ತೊಂಬತ್ತರ ಪೆರಿನಾ ಹನ್ನೊಂದು ಸೀಸನ್‌ಗಳಿಂದ ಈ ಕೆಲಸ ಮಾಡುತ್ತಿದ್ದಾರೆ.

ನಮ್ಮದು ಪುಟ್ಟ ಬಂದರು. ದೊಡ್ಡ ಹಡಗುಗಳು ಒಳಗೆ ತಿರುಗಲಾರವು. ದುಬ್ರೋವ್ನಿಕ್‌ನಿಂದ ವೆನಿಸ್‌ವರೆಗೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಇಂಥ ಚಿಕ್ಕ ಐಷಾರಾಮಿ ಹಡಗುಗಳೇ ಬರಬೇಕು. ಪ್ರಯಾಣಿಕರು ಇಳಿದು ದ್ರಾಕ್ಷಿ ತೋಟ ನೋಡುತ್ತಾರೆ, ಈಜುತ್ತಾರೆ, ಮೀನು ತಿಂದು ಹೋಗುತ್ತಾರೆ. ನಾನು ಈ ದ್ವೀಪದ ಶಾಲೆಗೆ ಮೇಷ್ಟ್ರಾಗಿ ಬಂದು ಹತ್ತೊಂಬತ್ತು ವರ್ಷ. ಬಂದಾಗ ಹಗ್ಗ ಹಿಡಿಯುತ್ತಿದ್ದವರು ಪೆರಿನಾ ಅವರ ಗಂಡ ದಿನ್ಕೊ. ಪೆರಿನಾ ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಮನೆಯಲ್ಲಿದ್ದರು.

ಹನ್ನೊಂದು ವರ್ಷದ ಹಿಂದಿನ ಅಕ್ಟೋಬರ್. ಆ ವರ್ಷದ ಕೊನೆಯ ಹಡಗು. ದಕ್ಷಿಣದ ಗಾಳಿ ಯೂಗೊ ಎರಡು ದಿನದಿಂದ ಬೀಸಿ, ಅಲೆ ಬಂದರಿನ ಒಳಕ್ಕೂ ನುಗ್ಗುತ್ತಿತ್ತು. ದಿನ್ಕೊ ಕುಣಿಕೆ ಹಾಕುವ ಹೊತ್ತಿಗೆ ಜೋರಾನಾವನ್ನು ಅಲೆಯೊಂದು ಎತ್ತಿ ಎಳೆಯಿತು. ಹಗ್ಗ ಬಿಗಿಯಿತು. ಅವರ ಎಡಗಾಲು ಹಗ್ಗಕ್ಕೂ ಗೂಟಕ್ಕೂ ನಡುವೆ ಸಿಕ್ಕಿಕೊಂಡಿತು.

ಆ ಕೂಗನ್ನು ನಾನು ಶಾಲೆಯ ಮೆಟ್ಟಿಲ ಮೇಲೆ ಕೇಳಿದೆ. ಓಡಿ ಬಂದಾಗ ಊರಿನ ಡಾಕ್ಟರ್ ಮೊಣಕಾಲಿನ ಮೇಲೆ ಪಟ್ಟಿ ಬಿಗಿಯುತ್ತಿದ್ದರು. ಮೋಡ ಬೆಟ್ಟದ ನೆತ್ತಿಗೇ ಇಳಿದಿತ್ತು, ಸಿಡಿಲು ಬೇರೆ, ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಬೆಳಗಿನ ದೋಣಿ ಹೊರಟುಹೋಗಿತ್ತು, ಮರಳುವುದು ಮಧ್ಯಾಹ್ನಕ್ಕೆ. “ಅಷ್ಟು ಹೊತ್ತು ತಡೆಯಲ್ಲ,” ಎಂದರು ಡಾಕ್ಟರ್.

ಜೋರಾನಾದ ಕ್ಯಾಪ್ಟನ್ ಲೂಕ್ಷಾ. ಹಿರಿಯ ನಾವಿಕರನ್ನೆಲ್ಲ ಕರೆಯುವಂತೆ ಅವರನ್ನೂ ನಾವು ಬಾರ್ಬಾ ಎನ್ನುತ್ತೇವೆ. ಬಾರ್ಬಾ ಲೂಕ್ಷಾ ತಿಂಡಿಗೆ ಕೂತಿದ್ದ ಪ್ರಯಾಣಿಕರ ಮುಂದೆ ನಿಂತು ಹೇಳಿದ್ದು ಇಷ್ಟೇ: “ಇವತ್ತು ತೋಟ ಇಲ್ಲ, ಈಜು ಇಲ್ಲ. ಈ ಮನುಷ್ಯನನ್ನ ಸ್ಪ್ಲಿಟ್‌ನ ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕು. ಸಮುದ್ರ ಒರಟಾಗಿದೆ, ಎಲ್ಲರಿಗೂ ಹೊಟ್ಟೆ ತೊಳಸುತ್ತೆ. ಇಳಿಯೋರು ಈಗಲೇ ಇಳಿದು ಇಲ್ಲೇ ಇರಿ.”

ಯಾರೂ ಇಳಿಯಲಿಲ್ಲ. ಒಬ್ಬ ಜರ್ಮನ್ ಯಜಮಾನರು ಗಡಿಯಾರ ನೋಡಿಕೊಂಡರು. ಗಂಡನ ಜೊತೆ ಹಡಗು ಹತ್ತಿದ್ದ ಪೆರಿನಾಗೆ ಆ ಕ್ಷಣ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತಂತೆ. ಆಮೇಲೆ ಅವರೇ ಎದ್ದು, ಹತ್ತಿರದ ಕೋಣೆ ತಮ್ಮದೆಂದು ಬಾಗಿಲು ತೆರೆದರು.

“ಬೆಳ್ಳಗೆ ಹಾಲಿನ ಹಾಗಿತ್ತು ಹಾಸಿಗೆ. ಅದರ ಮೇಲೆ ಮಲಗಿಸೋದು ಹೇಗೆ ಅಂತ ನಾನು ಹಿಂದೆಮುಂದೆ ನೋಡಿದ್ರೆ, ಆ ಮನುಷ್ಯ ದಿಂಬು ಸರಿಮಾಡ್ತಾ ಇದ್ದ,” ಎನ್ನುತ್ತಾರೆ ಪೆರಿನಾ. “ಒಬ್ಬ ಡಚ್ ಅಜ್ಜಿ ಬಂದಳು. ನರ್ಸ್ ಆಗಿದ್ದಳಂತೆ. ಮೂರು ಗಂಟೆ ಡಾಕ್ಟರ್ ಜೊತೆ ಕೂತು ಕಾಲು ಹಿಡಿದಿದ್ದಳು. ಮಧ್ಯೆ ಮಧ್ಯೆ ಬಕೆಟ್‌ಗೆ ವಾಂತಿ ಮಾಡ್ಕೊಳ್ಳೋಳು, ಬಾಯಿ ಒರೆಸ್ಕೊಂಡು ಮತ್ತೆ ಹಿಡಿಯೋಳು. ನನಗೆ ಅವಳ ಭಾಷೆ ಬರಲ್ಲ, ಅವಳಿಗೆ ನಂದು ಬರಲ್ಲ. ಹೆಸರು ಕೇಳೋದಕ್ಕೂ ಆಗಲಿಲ್ಲ.”

ಕಾಲು ಉಳಿಯಲಿಲ್ಲ. ದಿನ್ಕೊ ಉಳಿದರು.

ಆ ಚಳಿಗಾಲ, ಹಗ್ಗ ಹಿಡಿಯಲು ಸ್ಪ್ಲಿಟ್‌ನಿಂದ ಯಾರನ್ನಾದರೂ ಕರೆಸುವ ಮಾತು ನಡೆದಾಗ ಪೆರಿನಾ ಬಂದರಿನ ಕಚೇರಿಗೆ ಹೋದರು. “ಹೆಂಗಸರ ಕೆಲಸ ಅಲ್ಲಮ್ಮ ಅದು,” ಎಂದರಂತೆ ಅಲ್ಲಿದ್ದವರು. “ಕಾಲು ಕಳ್ಕೊಳ್ಳೋದಕ್ಕೆ ಗಂಡಸೇ ಆಗಬೇಕಾ?” ಎಂದು ಇವರು ಕೇಳಿದರು. ಒಂದು ತಿಂಗಳು ನೋಡೋಣ ಎಂಬ ಒಪ್ಪಂದವಾಯಿತು.

ಪಾಠ ನಡೆದದ್ದು ಅಡುಗೆಮನೆಯಲ್ಲಿ. ದಿನ್ಕೊ ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ತೋರಿಸುತ್ತಿದ್ದರು. ವೈನಿನ ಖಾಲಿ ಪೀಪಾಯಿಯೇ ಗೂಟ. “ಹಗ್ಗ ನೋಡಬೇಡ, ಹಡಗು ನೋಡು! ಹಗ್ಗ ಏನು ಮಾಡುತ್ತೆ ಅಂತ ಹಡಗು ಮೊದಲೇ ಹೇಳುತ್ತೆ.” ಅವರು ಗದರುತ್ತಿದ್ದುದು ಬೀದಿಗೆಲ್ಲ ಕೇಳುತ್ತಿತ್ತು.

“ಮೂವತ್ತು ವರ್ಷದ ಸಂಸಾರದಲ್ಲಿ ಇವಳು ನನ್ನ ಮಾತು ಕೇಳಿದ್ದು ಆ ಚಳಿಗಾಲ ಒಂದೇ,” ಎನ್ನುತ್ತಾರೆ ದಿನ್ಕೊ, ಕಿಟಕಿಯ ಬಳಿ ಬಲೆ ಹೊಲಿಯುತ್ತ.

“ಅದೊಂದೇ ಸಲ ನೀವು ಕೇಳೋ ಹಾಗೆ ಮಾತಾಡಿದ್ದು,” ಒಲೆಯ ಮುಂದಿನಿಂದ ಉತ್ತರ ಬರುತ್ತದೆ.

ಏಪ್ರಿಲ್‌ನಲ್ಲಿ ಮೊದಲು ಬಂದದ್ದು ಜೋರಾನಾ. ಕಾಫಿ ಅಂಗಡಿಯ ಗಂಡಸರೆಲ್ಲ ಕುರ್ಚಿ ತಿರುಗಿಸಿ ಕೂತಿದ್ದರು. ಮೊದಲ ಹಗ್ಗ ಪೆರಿನಾ ಕೈಯಿಂದ ಜಾರಿ ನೀರಿಗೆ ಬಿತ್ತು. ನಗು ಎದ್ದಿತು. ಎರಡನೇ ಸಲ ಎಸೆದಾಗ ಸಿಕ್ಕಿತು, ಕುಣಿಕೆ ಗೂಟಕ್ಕೆ ಬಿತ್ತು, ಅವರು ಹಿಂದೆ ಸರಿದರು. ಅಲ್ಲಿಯವರೆಗೆ ಮೇಲಿನಿಂದ ನೋಡುತ್ತಿದ್ದ ಬಾರ್ಬಾ ಲೂಕ್ಷಾ ಹಾರ್ನ್ ಒತ್ತಿದರು. ಒತ್ತಿದ ಕೈ ತೆಗೆಯಲೇ ಇಲ್ಲ. ಬೆಟ್ಟವೆಲ್ಲ ಮೊಳಗಿತು.

“ಸಾಕು ಬಾರ್ಬಾ, ಕೋಳಿ ಮೊಟ್ಟೆ ಇಡೋದು ನಿಲ್ಲಿಸ್ತಾವೆ! ಇನ್ನೂ ಮೂರು ಹಗ್ಗ ಬಾಕಿ ಇದೆ, ಎಸೀರಿ!” ಎಂದು ಪೆರಿನಾ ಕೂಗಿದ್ದನ್ನು ಊರು ಇನ್ನೂ ಹೇಳಿಕೊಂಡು ನಗುತ್ತದೆ.

ಅಂದಿನಿಂದ ಒಂದು ಪದ್ಧತಿ. ಒಣ ಅಂಜೂರ ಅರೆದು, ಸೋಂಪು ಬೆರೆಸಿ ತಟ್ಟಿದ ಬಿಲ್ಲೆಗಳನ್ನು ಬುಟ್ಟಿಯಲ್ಲಿಟ್ಟು ಪೆರಿನಾ ಪ್ರತಿ ಹಡಗಿನ ಅಡುಗೆಯವರ ಕೈಗೆ ಕೊಡುತ್ತಾರೆ. ಪ್ರಯಾಣಿಕರು ಅದನ್ನು ಕಾಫಿಯ ಜೊತೆ ತಿನ್ನುತ್ತಾರೆ, ಎಲ್ಲಿಂದ ಬಂತೆಂದು ಗೊತ್ತಿಲ್ಲದೆ. ಜೋರಾನಾಕ್ಕೆ ಕೊಡುವುದು ಸರಿ, ಬೇರೆ ಹಡಗುಗಳಿಗೂ ಯಾಕೆ ಎಂದು ಕೇಳುತ್ತೇನೆ.

“ಆವತ್ತಿನ ಜನ ಇವತ್ತು ಯಾವ ಹಡಗಲ್ಲಿದ್ದಾರೋ ನನಗೇನು ಗೊತ್ತು ಮೇಷ್ಟ್ರೇ? ಮುಖಾನೂ ಸರಿಯಾಗಿ ನೆನಪಿಲ್ಲ. ರಜಾ ಅಂತ ಎಷ್ಟು ವರ್ಷ ಕಾದು ಬಂದಿದ್ದರೋ ಪಾಪ, ಅದರಲ್ಲಿ ಒಂದು ದಿನ ನಮಗೆ ಕೊಟ್ಟು ಹೋದರು. ಎಲ್ಲರಿಗೂ ಕೊಟ್ಟರೆ ಅವರಲ್ಲಿ ಒಬ್ಬರಿಗಾದರೂ ಸೇರುತ್ತೆ.”

ಏಳು ಗಂಟೆಗೆ ಬಿಸಿಲು ಧಕ್ಕೆಗೆ ಇಳಿಯುತ್ತದೆ. ಜೋರಾನಾದ ಪ್ರಯಾಣಿಕರು ಟೋಪಿ ಸರಿಪಡಿಸಿಕೊಳ್ಳುತ್ತ ಒಬ್ಬೊಬ್ಬರೇ ಇಳಿಯುತ್ತಾರೆ. ಬಂದರಿನ ಚಿತ್ರ ತೆಗೆಯಲು ನಿಂತ ಹೆಂಗಸೊಬ್ಬಳು ಪೆರಿನಾ ಅಡ್ಡವಾಗಿದ್ದಾರೆಂದು ನಗುನಗುತ್ತಲೇ ಪಕ್ಕಕ್ಕೆ ಸರಿಯಲು ಸನ್ನೆ ಮಾಡುತ್ತಾಳೆ. ಇವರು ಕೈಯೆತ್ತಿ ವಂದಿಸಿ ಸರಿಯುತ್ತಾರೆ.

ಬೇಜಾರಾಗುವುದಿಲ್ಲವೇ ಎನ್ನುತ್ತೇನೆ.

“ಯಾಕಾಗಬೇಕು?” ಒದ್ದೆ ಕೈಗವಸು ಹಿಂಡುತ್ತ ಪೆರಿನಾ ಹೇಳುತ್ತಾರೆ. “ಹಡಗು ಕಟ್ಟಿದ್ದು ಯಾರು ಅಂತ ಜನ ಕೇಳೋದು ಏನಾದರೂ ಎಡವಟ್ಟಾದಾಗ ಮಾತ್ರ. ಹನ್ನೊಂದು ಸೀಸನ್ ಆಯ್ತು ಮೇಷ್ಟ್ರೇ, ಇನ್ನೂ ಒಬ್ಬರೂ ಕೇಳಿಲ್ಲ.”