ಸಂಘಮಿತ್ರ ಕಟ್ಟಿದ ಹುತ್ತ

ಚಿಂತಾಮಣಿಯಲ್ಲಿ ಮನೆ ಕಟ್ಟಿಸುವವರೆಲ್ಲ ಒಂದೇ ಅಚ್ಚಿನ ಮೂರ್ಖರು ಎಂಬುದು ಆರ್ಕಿಟೆಕ್ಟ್ ಸಂಘಮಿತ್ರಳ ಖಚಿತ ಅಭಿಪ್ರಾಯ. ಎದುರಿಗೆ ಗಾಜು, ಗೇಟಿಗೆ ಸಿಂಹದ ತಲೆ, ಒಳಗೆ ಕಾದ ಹೆಂಚಿನಂಥ ಸೆಕೆ. ಆಮೇಲೆ ಅದಕ್ಕೊಂದು ಏಸಿ. ವರ್ಷಗಟ್ಟಲೆ ಇಂಥ 'ಎಲಿವೇಶನ್' ಗೀಚಿಯೇ ಹೊಟ್ಟೆ ಹೊರೆದ ಅವಳಿಗೆ ತನ್ನ ಮೇಲೂ ತಾತ್ಸಾರವೇ.

ಹಾಗಾಗಿ ಕೆಂಚಾರ್ಲಹಳ್ಳಿಯ ಪಂಚಾಯ್ತಿ ಮಕ್ಕಳಿಗೊಂದು ಓದುವ ಮನೆಯ ನಕ್ಷೆ ಕೇಳಿದಾಗ ದುಡ್ಡು ಬೇಡವೆಂದೇ ಒಪ್ಪಿದಳು. ಅದು ಅಪ್ಪ ನಲ್ಲಪ್ಪನವರ ಊರು. ಅಲ್ಲಿನ ದಲಿತ ಕೇರಿಯಲ್ಲಿ ಹುಟ್ಟಿ, ಓದಿ ವಿಜ್ಞಾನದ ಮೇಷ್ಟ್ರಾಗಿ, ಬುದ್ಧನ ದಾರಿ ಹಿಡಿದು ಮಗಳಿಗೆ ಈ ಹೆಸರಿಟ್ಟವರು ಅವರು. ಹೊಲದ ಬದುವಿನ ಹುತ್ತದ ಮುಂದೆ ಅವಳನ್ನು ಕೂರಿಸಿ, ಹುತ್ತ ಉಸಿರಾಡುತ್ತದೆಂಬ ವಿಜ್ಞಾನಿಗಳ ಸಿದ್ಧಾಂತವನ್ನು ಹೇಳಿಕೊಟ್ಟವರೂ ಅವರೇ: ಬಿಸಿಗಾಳಿ ಮೇಲಿಂದ ಹೋಗುತ್ತದೆ, ತಂಪುಗಾಳಿ ಬುಡದಿಂದ ಬರುತ್ತದೆ. ಅವಳು ಅದನ್ನೇ ಕಟ್ಟಿದಳು. ಕೆಮ್ಮಣ್ಣಿನ ಗೋಡೆ ಮೇಲೇರುತ್ತ ಕಿರಿದಾಗಿ ಕೊಂಬುಗಳಾಗಿ ನಿಂತಿತು. ಬುಡದ ಸುತ್ತ ಗಾಳಿಕಂಡಿಗಳು. ಬೇಸಿಗೆ ರಜೆಯಲ್ಲಿ ಫ್ಯಾನಿಲ್ಲದೆ ಮಕ್ಕಳು ಓದಿದರು. ಬದುಕಿನಲ್ಲಿ ಇದೊಂದನ್ನಾದರೂ ನನ್ನದು ಎನ್ನಬಹುದು ಎಂದು ಬೀಗಿದಳು. ಮಂಡಿನೋವಿನ ಅಪ್ಪ ಮಾತ್ರ ಇನ್ನೂ ನೋಡಿರಲಿಲ್ಲ.

ಗಾಳಿ, ಬಿಸಿಲು ಎಲ್ಲವನ್ನೂ ಲೆಕ್ಕ ಹಾಕಿದ್ದ ಜಾಣೆ, ಹುತ್ತ ಕಂಡರೆ ಊರು ಏನು ಮಾಡುತ್ತದೆಂದು ಯೋಚಿಸಿರಲಿಲ್ಲ. ನಾಗರ ಚೌತಿಯ ದಿನ ಒಬ್ಬಾಕೆ ಗಾಳಿಕಂಡಿಗೆ ತನಿ ಎರೆದಳು. ಒಬ್ಬರು ಹಾಲೆರೆದ ಮೇಲೆ ಕೇಳಬೇಕೆ? ಅರಿಶಿನ, ಕುಂಕುಮ, ಚಿಗಳಿ, ತಂಬಿಟ್ಟು ಎಲ್ಲ ಬಂದವು. ಕಂಡಿಗಳು ಮುಚ್ಚಿದವು, ಒಳಗೆ ಹುಳಿ ವಾಸನೆ ಹಿಡಿಯಿತು. ಪಂಚಾಯ್ತಿ ಅಧ್ಯಕ್ಷ ವೆಂಕಟರವಣಪ್ಪನಂತೂ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿಸಿ, ಬಾಗಿಲಿಗೆ ತೋರಣ ಕಟ್ಟಿಸಿ, ಹುಂಡಿ ಇಡಿಸಿಬಿಟ್ಟ. ಜನ ಕುರಿಗಳಂತೆ ಸಾಲುಗಟ್ಟಿದರು.

ಸುದ್ದಿ ಕೇಳಿ ಸಂಘಮಿತ್ರ ಹೊರಟಾಗ, "ನಾನೂ ಬರ್ತೀನಿ, ನಡಿಯಮ್ಮ" ಎಂದು ಅಪ್ಪ ಕಾರು ಹತ್ತಿದರು.

ಬಾಗಿಲಲ್ಲಿ ವೆಂಕಟರವಣಪ್ಪ ಅಡ್ಡ ನಿಂತ. "ನಿನ್ನ ಕೈಗುಣ ದೊಡ್ಡದು ಕಣಮ್ಮ. ನಾಗಪ್ಪನೇ ನಿನ್ನ ಕೈಲಿ ಕಟ್ಟಿಸ್ಕೊಂಡವ್ನೆ. ಆದ್ರೆ ಒಳಗೆ ಮಡಿ ಐತೆ. ನಿಮ್ಮೋರು ಇಲ್ಲೇ ನಿಂತು ಕೈ ಮುಗೀರಿ, ಮಂಗಳಾರತಿ ಈಚೆಗೇ ತರಿಸ್ತೀನಿ."

ಅವಳಿಗೆ ನಗು ಬಂತು, ಅಸಹ್ಯದ ನಗು. "ಪಾಯ ಹಾಕೋವಾಗಿಂದ ಶೂ ಹಾಕ್ಕೊಂಡೇ ಒಳಗೆಲ್ಲ ಓಡಾಡಿದ್ದೀನಿ. ಆಗ ಎಲ್ಲಿ ಮೇಯೋಕೆ ಹೋಗಿತ್ತು ನಿನ್ನ ಮಡಿ? ಸರಿ ಆಚೆಗೆ."

ಅವನನ್ನು ಸರಿಸಿಕೊಂಡು ಹೊಸಿಲು ದಾಟಿ, ಅಪ್ಪನಿಗೆ ಕೈ ಕೊಡಲು ತಿರುಗಿದಳು.

ನಲ್ಲಪ್ಪನವರು ತೋರಣದಿಂದ ದೂರದಲ್ಲೇ ನಿಂತಿದ್ದರು. ಕಾಲಲ್ಲಿದ್ದ ಚಪ್ಪಲಿ ಯಾವಾಗಲೋ ಕಂಕುಳಿಗೆ ಬಂದಿತ್ತು. ಹುತ್ತದಲ್ಲಿ ದೇವರಿಲ್ಲ ಎಂದು ತಲೆಮಾರುಗಳಿಗೆ ಪಾಠ ಹೇಳಿದ ಮೇಷ್ಟ್ರು, ತಮ್ಮ ಅಪ್ಪ ಹಿಂದೆ ಈ ಊರಲ್ಲಿ ನಿಲ್ಲುತ್ತಿದ್ದ ಹಾಗೆಯೇ ತಲೆ ತಗ್ಗಿಸಿ ನಿಂತಿದ್ದರು. ಊರನ್ನು ಹೀಗಳೆಯುವುದು ಅವಳಿಗೆ ಸಲೀಸಾಗಿತ್ತು, ಇದನ್ನು ನೋಡಲಾಗಲಿಲ್ಲ.

"ಚಪ್ಪಲಿ ಹಾಕ್ಕೊಳ್ಳಿ, ಅಪ್ಪ."

ಅವರು ಚಪ್ಪಲಿಯನ್ನು ಕಂಕುಳಿನಿಂದ ತೆಗೆಯಲಿಲ್ಲ. ಎಲ್ಲರೆದುರು ಅವಳೇ ಕುಕ್ಕರಗಾಲಲ್ಲಿ ಕೂತು ಚಪ್ಪಲಿ ತೊಡಿಸಿದಳು, ತೋಳು ಹಿಡಿದು ಒಳಗೆ ಕರೆತಂದಳು. ಅಪ್ಪ ಗೋಡೆಯನ್ನು ಬುಡದಿಂದ ಕೊಂಬಿನವರೆಗೆ ನೋಡಿದರು. ಆಮೇಲೆ ಬಗ್ಗಿ ಕಂಡಿಯೊಂದಕ್ಕೆ ಅಂಗೈ ಇಟ್ಟರು.

"ಗಾಳಿ ಬರ್ತಿಲ್ವಲ್ಲಮ್ಮ" ಎಂದರು, ಮೇಷ್ಟ್ರ ದನಿಯಲ್ಲಿ.

ಇಬ್ಬರೂ ನೆಲಕ್ಕೆ ಕೂತು ಕಂಡಿಗೆ ಮೆತ್ತಿದ್ದ ಅರಿಶಿನ ಕೆರೆಯತೊಡಗಿದರು.