ಅಕ್ಕಿಹಿಟ್ಟಿನ ಮೇಲೆ ಎರಡು ಹೆಜ್ಜೆ

ಸತ್ತವರು ಬಂದು ಹೋದರು ಎನ್ನುವ ಮಾತನ್ನು ನಾನು ಯಾವತ್ತೂ ನಂಬಿದವಳಲ್ಲ. ನಂಬದೆ ಇರುವುದಕ್ಕೆ ಕಾರಣವೂ ಇತ್ತು. ನಮ್ಮ ಮದ್ದೂರು ಕಡೆ ಸಾವಾದ ಮನೆಯಲ್ಲಿ ಹನ್ನೊಂದನೆಯ ದಿನ ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುತ್ತಾರೆ. ಎಡೆಯ ಮುಂದೆ ಬೂದಿಯನ್ನೋ ಹಿಟ್ಟನ್ನೋ ತೆಳ್ಳಗೆ ಹರಡಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗಿ, ಹೆಜ್ಜೆ ಬಿದ್ದಿದೆಯೇ ಎಂದು ನೋಡುತ್ತಾರೆ. ನಾನು ಎಷ್ಟೋ ಮನೆಗಳಲ್ಲಿ ಹಾಗೆ ಹಿಟ್ಟು ಹರಡಿದ್ದೇನೆ. ಬಿದ್ದದ್ದು ಇಲಿಯ ಹೆಜ್ಜೆ, ಬೆಕ್ಕಿನ ಹೆಜ್ಜೆ. ಮನುಷ್ಯರ ಹೆಜ್ಜೆ ಬಿದ್ದಿದ್ದರೆ ಮನುಷ್ಯರೇ ಒತ್ತಿರುತ್ತಿದ್ದರು. ಗೋಕುಲಾಷ್ಟಮಿಗೆ ಮುಷ್ಟಿ ಒತ್ತಿ, ಬೆರಳ ತುದಿಯಿಂದ ಚುಕ್ಕೆ ಇಟ್ಟು ಕೃಷ್ಣನ ಪಾದ ಮಾಡುತ್ತೇವಲ್ಲ, ಅಷ್ಟೇ ಕೆಲಸ. ಅಳುವ ಹೆಂಡತಿಗೆ ಸಮಾಧಾನವಾಗಲಿ ಎಂದು ಮೈದುನನೋ ಓರಗಿತ್ತಿಯೋ ಒತ್ತಿಬಿಡುತ್ತಿದ್ದರು. ನೋಡಿಯೂ ನಾನು ಸುಮ್ಮನಿರುತ್ತಿದ್ದೆ.

ಹೀಗಿದ್ದ ನಾನು ಅಮೆರಿಕಕ್ಕೆ ಬಂದ ಮೇಲೆ ಒಂದು ಸಂಜೆ ಕಂಡದ್ದನ್ನು ಹೇಳುತ್ತೇನೆ. ನಾನು ಓದಿದ್ದು ಮೂರನೆಯ ಕ್ಲಾಸು. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಬಿಟ್ಟರೆ ಬೇರೆ ಬರುವುದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ಮಾತು. ನಾನು ಅಮೆರಿಕದ ಬೆರ್ರಿಯೆಸಾ ಎಂಬ ಊರಿನಲ್ಲಿ ಮಗಳು ರತ್ನಳ ಮನೆಯಲ್ಲಿದ್ದೆ. ಆಗ ಅಲ್ಲಿ ಇನ್ನೂ ಹಣ್ಣಿನ ತೋಟಗಳಿದ್ದವು. ಒಂದು ಕಡೆ ಮರ ಕಡಿಯುತ್ತಿದ್ದರು, ಇನ್ನೊಂದು ಕಡೆ ಮನೆ ಏಳುತ್ತಿದ್ದವು. ಅದೇ ಬೀದಿಯಲ್ಲಿ ನಮ್ಮ ಕಡೆಯವರೇ ಪುಟ್ಟಸ್ವಾಮಿ ಮತ್ತು ವಿಮಲಾ ಎಂಬ ಗಂಡ ಹೆಂಡತಿ ಇದ್ದರು. ಅವನು ಇಂಜಿನಿಯರು. ಇಬ್ಬರೂ ನನ್ನನ್ನು ದೊಡ್ಡವ್ವ ಎನ್ನುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಸವಿತಾ. ಚುರುಕು ಹುಡುಗಿ. ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ನಾನು ಬೈದರೆ ನಗುತ್ತಿದ್ದಳು. ಕಾಲೇಜು ಮುಗಿಸಿ, ಪೆಸಿಫಿಕ್ ಸಮುದ್ರದ ನಡುವೆ ಇರುವ ಒಂದು ದ್ವೀಪಕ್ಕೆ ಹೋಟೆಲ್ ಕೆಲಸಕ್ಕೆ ಹೋದಳು. ದ್ವೀಪದ ಹೆಸರು ಬರೆಯುವುದಿಲ್ಲ. ಫೋಟೋ ಕಳಿಸಿದ್ದಳು, ನೀಲಿ ನೀರು, ಸಾಲು ತೆಂಗಿನಮರ. ಕೆಲವು ತಿಂಗಳಾದ ಮೇಲೆ ಅವಳ ಹೆಣ ಬಂತು.

ಬಂಡೆಯ ಮೇಲಿಂದ ಕಾಲು ಜಾರಿ ಸಮುದ್ರಕ್ಕೆ ಬಿದ್ದಳು ಎಂದು ಅಲ್ಲಿನ ಪೊಲೀಸರು ಹೇಳಿ ಕೈ ತೊಳೆದುಕೊಂಡರು. ವಿಮಲಾ ಒಪ್ಪಲಿಲ್ಲ. ಸವಿತಾಗೆ ನೀರು ಕಂಡರೆ ಭಯ. ಈಜುಕೊಳದಲ್ಲೂ ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ಅದ್ದುವವಳು. ಅಂಥವಳು ಕತ್ತಲಲ್ಲಿ ಒಬ್ಬಳೇ, ಚಪ್ಪಲಿಯೂ ಇಲ್ಲದೆ, ಬಂಡೆಗೆ ಯಾಕೆ ಹೋಗುತ್ತಾಳೆ? ಈ ಪ್ರಶ್ನೆ ಇಟ್ಟುಕೊಂಡು ವಿಮಲಾ ವಾರ ವಾರ ಆ ಪೊಲೀಸ್ ಸ್ಟೇಷನ್ನಿಗೆ ಫೋನು ಮಾಡುತ್ತಿದ್ದಳು. ಪುಟ್ಟಸ್ವಾಮಿ ರಜ ಹಾಕಿ ಎರಡು ಸಲ ಹೋಗಿ ಬಂದ. ಅಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿ, ಕಾಫಿ ಕೊಟ್ಟು, ಸಾರಿ ಹೇಳಿ ಕಳಿಸಿದರು. ಹತ್ತಿರದ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಒಬ್ಬ ಅಮೆರಿಕನ್ ಹೆಂಗಸಿದ್ದಳು. ಅವಳ ಮಗನೂ ಅಂಥದೇ ಇನ್ನೊಂದು ದ್ವೀಪದಲ್ಲಿ ಸತ್ತಿದ್ದ, ಕೊಂದವನು ಸಿಕ್ಕಿರಲಿಲ್ಲ. ವಿಮಲಾ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅವಳ ಜೊತೆ ಮಾತ್ರ. ವಿಮಲಾಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಮಗಳು ಜಾರಿ ಬಿದ್ದಳು ಎನ್ನುವುದನ್ನು ನಿಲ್ಲಿಸಿ, ಯಾರೋ ಕೊಂದರು ಎಂದು ಅವರ ಬಾಯಲ್ಲಿ ಬರಬೇಕು, ಆಮೇಲೆ ಹುಡುಕಬೇಕು.

ಹುಡುಕುವ ತನಕ ತಿಥಿಯನ್ನೂ ಮಾಡುವುದಿಲ್ಲ, ಎಡೆಯನ್ನೂ ಇಡುವುದಿಲ್ಲ ಎಂದು ಹಟ ಹಿಡಿದಳು. ಎಡೆ ಇಟ್ಟರೆ ಎಲ್ಲ ಮುಗಿಯಿತು ಎಂದು ಒಪ್ಪಿಕೊಂಡ ಹಾಗೆ ಎನ್ನುವುದು ಅವಳ ಲೆಕ್ಕ. ಎರಡು ವರ್ಷ ಹಾಗೇ ಕಳೆಯಿತು. ಅವಳು ಊಟ ಬಿಟ್ಟು ಕಡ್ಡಿಯಾದಳು. ಹಿರಿಯರಿಗೆಲ್ಲ ಎಡೆ ಇಡುವ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ನಾನೇ ಹೋಗಿ ಬೈದೆ.

"ನಿನ್ ಜಗಳ ಪೊಲೀಸ್ನೋರ ಮೇಲೆ. ಆ ಮಗೀನ ಯಾಕೆ ಉಪಾಸ ಕೆಡವಿದ್ದೀಯೆ?" ಎಂದೆ.

ವಿಮಲಾ, "ಹಿಟ್ಟೂ ಹರಡ್ತೀರಾ ದೊಡ್ಡವ್ವ?" ಎಂದು ಕೇಳಿದಳು. ಹನ್ನೊಂದನೆಯ ದಿನದ್ದನ್ನೂ ಇದರ ಜೊತೆಗೇ ಮಾಡಿಬಿಡೋಣ ಎಂದೆ. ಮನಸ್ಸಿನಲ್ಲಿ, ರತ್ನಳೋ ಯಾರೋ ಒತ್ತಿದರೆ ಒತ್ತಲಿ, ಇವಳು ಒಂದು ತುತ್ತು ತಿಂದರೆ ಸಾಕು ಎಂದುಕೊಂಡೆ.

ಅವರ ಮನೆಯ ತುಂಬ ಕಾರ್ಪೆಟ್ಟು. ಹಿಟ್ಟು ಹರಡುವುದಕ್ಕೆ ಸಿಮೆಂಟು ನೆಲವಿದ್ದದ್ದು ಕಾರು ನಿಲ್ಲಿಸುವ ಗರಾಜಿನಲ್ಲಿ ಮಾತ್ರ. ಪುಟ್ಟಸ್ವಾಮಿ ಕಾರು ಹೊರಗೆ ನಿಲ್ಲಿಸಿದ. ನಾವು ನೆಲ ತೊಳೆದೆವು. "ಅತ್ತೆ, ಗರಾಜಲ್ಲಿ ಎಡೆ ಇಟ್ರೆ ಹಿರಿಯರು ಆಯಿಲ್ ಚೇಂಜಿಗೆ ಕರ್ದವ್ರೆ ಅಂದ್ಕೊಂಡಾರು," ಎಂದ ನನ್ನ ಅಳಿಯ. "ನಿಮ್ಮಪ್ಪ ಬಂದ್ರೆ ಅವರ ಕೈಗೇ ಸ್ಪ್ಯಾನರ್ ಕೊಡು," ಎಂದೆ. ವಿಮಲಾ ಕೂಡ ಸ್ವಲ್ಪ ನಕ್ಕಳು.

ಬಾಳೆ ಎಲೆ ಸಿಗಲಿಲ್ಲ, ಸ್ಟೀಲ್ ತಟ್ಟೆ ಇಟ್ಟೆವು. ಮುದ್ದೆ, ಕೋಳಿಸಾರು, ವಡೆ, ಪಾಯಸ. ಅವಳಿಗೆ ಇಷ್ಟ ಎಂದು ಆಲೂಗಡ್ಡೆ ಕರಿದದ್ದು. ದೀಪ ಹಚ್ಚಿದೆವು. ಬೂದಿ ಎಲ್ಲಿಂದ ತರಲಿ, ಅಲ್ಲಿ ಒಲೆ ಎಂದರೆ ತಿರುಗಿಸುವ ಗುಂಡಿ. ಅಕ್ಕಿಹಿಟ್ಟನ್ನು ಜರಡಿಯಲ್ಲಿ ಹಿಡಿದು ತಟ್ಟೆಯ ಮುಂದೆ ಒಂದು ಚಾಪೆಯಗಲ ನಾನೇ ಹರಡಿದೆ. ಹರಡುತ್ತಾ ಹಿಂದೆ ಹಿಂದೆ ಸರಿದು ಬಂದೆ. ಕೊನೆಗೆ ಹೊರಗೆ ಬಂದವಳೂ ನಾನೇ, ಮನೆಯೊಳಗಿನ ಬಾಗಿಲು ಎಳೆದವಳೂ ನಾನೇ. ಕಾರು ಬರುವ ದೊಡ್ಡ ಬಾಗಿಲಿಗೆ ಪುಟ್ಟಸ್ವಾಮಿ ಮೊದಲೇ ಒಳಗಿಂದ ಚಿಲಕ ಹಾಕಿದ್ದ. ಅದು ಮೇಲೆದ್ದರೆ ಇಡೀ ಬೀದಿಗೆ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಗರಾಜಿಗೆ ಕಿಟಕಿ ಇರಲಿಲ್ಲ.

ನಾನು ಮನೆಯೊಳಗಿನ ಆ ಬಾಗಿಲಿಗೇ ಕುರ್ಚಿ ಒತ್ತಿ ಕೂತೆ. ಎದುರಿನ ಸೋಫಾದಲ್ಲಿ ಪುಟ್ಟಸ್ವಾಮಿ, ವಿಮಲಾ, ರತ್ನ, ಅಳಿಯ. ಅಷ್ಟೇ ಜನ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಯಾರೂ ಏಳಲಿಲ್ಲ. ಇದನ್ನು ಯಾರು ಎಲ್ಲಿ ನಿಲ್ಲಿಸಿ ಕೇಳಿದರೂ ಹೇಳುತ್ತೇನೆ. ಅಡುಗೆಮನೆಯ ಫ್ರಿಜ್ಜು ಗೊರಗುಟ್ಟಿ ನಿಂತಾಗ ಮಾತ್ರ ಎಲ್ಲರೂ ಒಂದು ಸಲ ಬೆಚ್ಚಿದೆವು.

ಉಣ್ಣುವವರಿಗೆ ತಿಳಿಯಲಿ ಎಂದು ಬಾಗಿಲು ತಟ್ಟಿ ತೆರೆದೆ. ದೀಪ ಉರಿಯುತ್ತಿತ್ತು. ತಟ್ಟೆಯಲ್ಲಿ ಒಂದು ಅಗುಳೂ ಅಲುಗಿರಲಿಲ್ಲ. ಹಿಟ್ಟಿನ ನಡುವೆ ಎರಡು ಹೆಜ್ಜೆ ಇದ್ದವು.

ಮುಂದಿನದು ಬರಿಗಾಲು, ಹೆಣ್ಣುಮಗಳ ಕಾಲು. ನಾಲ್ಕೇ ಬೆರಳು. ಸವಿತಾಳ ಕಿರುಬೆರಳು ಹುಟ್ಟಿದಾಗಿನಿಂದ ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಒದ್ದೆ ಕಾಲಲ್ಲಿ ನಡೆದರೆ ನಾಲ್ಕೇ ಮೂಡುತ್ತಿದ್ದವು. ವಿಮಲಾ ಬಾಯಿಗೆ ಸೆರಗು ತುರುಕಿಕೊಂಡಳು. ಅಷ್ಟೇ ಆಗಿದ್ದರೆ ನಾನು ರತ್ನಳ ಮುಖ ನೋಡಿ ಸುಮ್ಮನಾಗುತ್ತಿದ್ದೆ. ಆದರೆ ಅದರ ಬೆನ್ನಿಗೇ, ಗೇಣು ಜಾಗವೂ ಬಿಡದೆ, ಇನ್ನೊಂದಿತ್ತು. ಗಂಡಸಿನ ಶೂ. ದೊಡ್ಡದು. ಹಿಮ್ಮಡಿಯ ಒಳಬದಿಯಲ್ಲಿ ಒಂದು ಚೂರು ಹಾರಿಹೋಗಿತ್ತು, ಇಲಿ ಕಡಿದ ರೊಟ್ಟಿಯ ಹಾಗೆ. ಸುತ್ತಲೂ ಹಿಟ್ಟು ನಾನು ಹರಡಿದ ಹಾಗೇ ಇತ್ತು. ಬಂದ ಗುರುತಿಲ್ಲ, ಹೋದ ಗುರುತಿಲ್ಲ.

ಪುಟ್ಟಸ್ವಾಮಿ ಮೊಣಕಾಲೂರಿ ಟಾರ್ಚು ಬಿಟ್ಟು ನೋಡಿದ. ಎದ್ದವನೇ ನನ್ನ ಕಡೆ ತಿರುಗಿ, "ದೊಡ್ಡವ್ವ, ಇದು ತಮಾಷೆ ಮಾಡೋ ವಿಷ್ಯ ಅಲ್ಲ," ಎಂದ.

"ಈ ಕಾಲಿಗೆ ಅಷ್ಟುದ್ದ ಶೂ ಎಲ್ಲಿಂದ ತರ್ಲಪ್ಪ?" ಎಂದೆ.

ನನಗೆ ಅವನ ಮೇಲೇ ಅನುಮಾನವಿತ್ತು. ನೆಟ್ಟಗೆ ಮುಂಬಾಗಿಲಿಗೆ ಹೋಗಿ, ಅಲ್ಲಿ ಬಿಟ್ಟಿದ್ದ ಶೂಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ಹಿಮ್ಮಡಿ ನೋಡಿದೆ. ಮೊದಲು ಪುಟ್ಟಸ್ವಾಮಿಯದು, ಆಮೇಲೆ ಅಳಿಯನದು. ಬೀರುವಿನಲ್ಲಿದ್ದವನ್ನೂ ತೆಗೆಸಿದೆ. ಯಾವುದೂ ಅದಲ್ಲ, ಅಷ್ಟು ದೊಡ್ಡದೂ ಅಲ್ಲ. ಅಷ್ಟರಲ್ಲಿ ಪುಟ್ಟಸ್ವಾಮಿ ಕ್ಯಾಮೆರಾ ತಂದು ಫೋಟೋ ಹಿಡಿದಿದ್ದ. ರೋಲು ತೊಳೆಸಿದಾಗ ಫ್ಲಾಷಿನ ಬೆಳಕು ಬಿದ್ದು ಬರೀ ಬಿಳಿ ಬಂದಿತ್ತು. ಹಿಟ್ಟನ್ನು ಗುಡಿಸಿ, ಹಿತ್ತಲಿನ ಮರದ ಬುಡಕ್ಕೆ ಹಾಕಿ ನೀರು ಹೊಯ್ದೆ.

ಮುಂದಿನ ಸೋಮವಾರ ಪುಟ್ಟಸ್ವಾಮಿ ದ್ವೀಪದ ಪೊಲೀಸ್ ಅಧಿಕಾರಿಗೆ ಫೋನು ಮಾಡಿದ. ನಾನು ಅಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದೆ, ಇಂಗ್ಲಿಷಿನಲ್ಲಿ ಆಡಿದ್ದನ್ನು ಫೋನು ಇಟ್ಟ ಮೇಲೆ ನನಗೆ ಹೇಳಿದ. ಬಂಡೆಯ ದಾರಿಯಲ್ಲಿ ನನ್ನ ಮಗಳ ಬರಿಗಾಲಿನ ಹಿಂದೆ, ಹಿಮ್ಮಡಿ ಮುರಿದ ಶೂ ಗುರುತು ಇತ್ತೇ ಎಂದು ಕೇಳಿದ. ಆ ಅಧಿಕಾರಿ, ನಿಮಗೆ ಇದನ್ನು ಯಾರು ಹೇಳಿದರು ಎಂದು ಕೇಳಿದನಂತೆ. ಪುಟ್ಟಸ್ವಾಮಿ ಸುಳ್ಳು ಹೇಳುವವನಲ್ಲ. ನಮ್ಮಲ್ಲಿ ಸತ್ತವರಿಗೆ ಊಟ ಇಟ್ಟು ಹಿಟ್ಟು ಹರಡುತ್ತೇವೆ, ಅದರ ಮೇಲೆ ಕಂಡಿತು ಎಂದುಬಿಟ್ಟ. ನಮ್ಮ ಜನ ಬಿಟ್ಟರೆ ಇನ್ನು ಯಾರೂ ಪೊಲೀಸರಿಗೆ ಹಾಗೆ ಹೇಳಲಾರರು.

ಆ ವಾರವೇ, ದ್ವೀಪದವರು ಹೇಳಿಕಳಿಸಿದ ಮೇಲೆ, ಇಲ್ಲಿನ ಇಬ್ಬರು ಪೊಲೀಸರು ಮನೆಗೆ ಬಂದರು. ಮಗಳು ಸತ್ತಾಗ ನೀನು ಎಲ್ಲಿದ್ದೆ ಎಂದು ಅಪ್ಪನನ್ನು ಕೇಳಿದರು. ಗರಾಜು ನೋಡಿದರು. ನನ್ನನ್ನೂ ಕೂರಿಸಿಕೊಂಡು ಕೇಳಿದರು, ರತ್ನ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಒಬ್ಬ ಅಕ್ಕಿಹಿಟ್ಟಿನ ಡಬ್ಬ ತೆರೆದು ಮೂಸಿದ. ಹೋಗುವಾಗ ಪುಟ್ಟಸ್ವಾಮಿಯ ಶೂಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದರು. ಮಾರನೆಯ ದಿನ ಅವನು ಆಫೀಸಿಗೆ ನನ್ನ ಅಳಿಯನ ಶೂ ಹಾಕಿಕೊಂಡು ಹೋದ.

ಯಾಕೆ ಹೀಗೆ ಎಂದು ಡ್ಯಾನ್‌ವಿಲ್‌ನ ಹೆಂಗಸು ಬಿಡಿಸಿ ಹೇಳಿದಳು. ಪೊಲೀಸರು ಇಂಥ ಸಾವಿನಲ್ಲಿ ಯಾವುದಾದರೂ ಒಂದು ಗುರುತನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಾರಂತೆ. ಅದು ಗೊತ್ತಿರುವುದು ಪೊಲೀಸರಿಗೆ ಮತ್ತು ಕೊಂದವನಿಗೆ. ಬಂಡೆಯ ದಾರಿಯ ಹಸಿಮಣ್ಣಿನಲ್ಲಿ ಆ ಎರಡು ಗುರುತುಗಳೂ ನಿಜಕ್ಕೂ ಇದ್ದವು ಎಂದು ಆಮೇಲೆ ತಿಳಿಯಿತು. ನೋಡಿದವರು, ಓಡಾಡುವ ದಾರಿ, ಯಾರದೋ ಇರಬೇಕು ಎಂದು ಫೈಲಿನಲ್ಲಿ ಬರೆದು ಪಕ್ಕಕ್ಕೆ ಸರಿಸಿದ್ದರು, ಹೊರಗೆ ಯಾರಿಗೂ ಹೇಳಿರಲಿಲ್ಲ. ಈಗ ಸಾವಿರಾರು ಮೈಲಿ ಆಚೆಯಿಂದ ಅಪ್ಪನೇ ಅದನ್ನು ಹೇಳಿದರೆ ಅವರಿಗೆ ಏನನ್ನಿಸಬೇಕು?

ಆ ಸಂಜೆ ಗಂಡ ಹೆಂಡತಿ ಆಡಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ಅವರು ಬಂದಿರೋದು ನನ್ ಮೇಲೆ ಅನುಮಾನ ಪಟ್ಟು ಕಣೇ, ಗೊತ್ತಾಯ್ತಾ ನಿಂಗೆ?"

"ಪಡ್ಲಿ ಬಿಡಿ. ಎರಡು ವರ್ಷ ಬೇಡ್ಕೊಂಡೆ, ಒಬ್ಬ ಪೊಲೀಸು ಈ ಮನೆ ಹೊಸ್ಲು ತುಳೀಲಿಲ್ಲ. ಇವತ್ತು ಬಂದ್ರಲ್ಲ."

"ನನ್ನ ಜೈಲಿಗೆ ಹಾಕಿದ್ರೆ?"

"ನೀವು ಅಲ್ಲ ಅಂತ ಗೊತ್ತಾಗ್ಬೇಕಾದ್ರೆ ಯಾರು ಅಂತ ನೋಡ್ಲೇಬೇಕಲ್ಲ ಅವರು."

ವಿಮಲಾ ತಟ್ಟೆ ಹಾಕಿಕೊಂಡು, ಎರಡು ವರ್ಷದಲ್ಲಿ ಮೊದಲ ಸಲ, ಹೊಟ್ಟೆ ತುಂಬ ಉಂಡಳು. ಆದರೆ ನನ್ನನ್ನು ಬೀದಿ ತನಕ ಬಿಡಲು ಬಂದಾಗ ಮೆಲ್ಲಗೆ ಕೇಳಿದಳು: "ದೊಡ್ಡವ್ವ, ಬಾಗ್ಲು ಹಾಕಿದ್ದಾಗ ಅವರು ಎಲ್ಲಿ ಕೂತಿದ್ರು?"

"ನನ್ನ ಕಣ್ಣೆದುರಿಗೆ. ನಿನ್ನ ಪಕ್ಕದಲ್ಲೇ. ಎದ್ದಿಲ್ಲ," ಎಂದೆ. ಅವಳು ತಲೆ ಆಡಿಸಿದಳು. ಗಂಡನ ಪಕ್ಕದಲ್ಲೇ ಕೂತಿದ್ದವಳು ನನ್ನನ್ನು ಯಾಕೆ ಕೇಳಿದಳು ಎಂದು ನನಗೆ ಆ ದಿನ ನಿದ್ದೆ ಬರಲಿಲ್ಲ.

ಮಗಳು ಸತ್ತ ದಿನ ಪುಟ್ಟಸ್ವಾಮಿ ಇಲ್ಲೇ ಆಫೀಸಿನಲ್ಲಿದ್ದ, ಹತ್ತಾರು ಜನ ನೋಡಿದ್ದರು. ಶೂಗಳು ವಾಪಸು ಬಂದವು. ದ್ವೀಪದಲ್ಲಿ ಮತ್ತೆ ಹುಡುಕಿದರು, ಹೋಟೆಲಿನವರನ್ನೆಲ್ಲ ಕೇಳಿದರು. ಯಾರೂ ಸಿಗಲಿಲ್ಲ. ಒಂದು ಮಾತ್ರ ಬದಲಾಯಿತು. ಜಾರಿ ಬಿದ್ದಳು ಎನ್ನುವುದನ್ನು ಬಿಟ್ಟು, ಗೊತ್ತಿಲ್ಲದ ವ್ಯಕ್ತಿ ಕೊಂದಿದ್ದಾನೆ ಎಂದು ಒಪ್ಪಿಕೊಂಡರು.

ಇಷ್ಟು ವರ್ಷವಾದರೂ ನನಗೆ ಇದರ ತಲೆಬುಡ ತಿಳಿದಿಲ್ಲ. ನಾವು ಐದು ಜನರಲ್ಲಿ ಯಾರಾದರೂ ಒತ್ತಿದ್ದರೆ, ಆ ಮುರಿದ ಹಿಮ್ಮಡಿ ಅವರಿಗೆ ಹೇಗೆ ಗೊತ್ತು? ಯಾರೂ ಒತ್ತಿಲ್ಲ, ಅವಳೇ ಬಂದಳು ಎನ್ನುವುದಾದರೆ ಇನ್ನೊಂದು ತೊಡಕು ಇದೆ. ಮಾರನೆಯ ವರ್ಷದ ಅಮಾವಾಸ್ಯೆಯ ಹೊತ್ತಿಗೆ ಅದು ನನಗೆ ಹೊಳೆಯಿತು. ಹೊಳೆದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳು ನಾನಲ್ಲ, ವಿಮಲಾಗೆ ಹೇಳಿದೆ.

"ನೋಡವ್ವ, ಎಡೆಗೆ ಸತ್ತೋರು ಮಾತ್ರ ಬರ್ತಾರೆ. ಬದುಕಿರೋನ ಹೆಜ್ಜೆ ಹೆಂಗೆ ಬೀಳ್ತದೆ? ನೀನು ಹುಡುಕ್ತಿರೋನು ಆಗ್ಲೇ ಸತ್ತೋಗಿದ್ರೆ?"

ಅವಳು ಜರಡಿ ಹಿಡಿದು ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

"ಸತ್ತಿದ್ರೂ ಅವನಿಗೊಂದು ಹೆಸರಿರುತ್ತಲ್ಲ ದೊಡ್ಡವ್ವ. ಅದು ಬೇಕು ನಂಗೆ."

ಆ ವರ್ಷ ಅವಳೇ ಹರಡಿದಳು. ತಟ್ಟೆಯ ಮುಂದಷ್ಟೇ ಅಲ್ಲ, ಗರಾಜಿನ ಗೋಡೆಯಿಂದ ಗೋಡೆಗೆ, ಒಬ್ಬ ಗಂಡಸು ಎಲ್ಲಿ ನಿಂತರೂ ಹೆಜ್ಜೆ ಬೀಳುವ ಹಾಗೆ. ನಾನು ಬಾಗಿಲಿಗೆ ಕುರ್ಚಿ ಒತ್ತಿ ಕೂತೆ. ತಟ್ಟಿ ತೆರೆದಾಗ ಹಿಟ್ಟು ಹರಡಿದ ಹಾಗೇ ಇತ್ತು.