ಅಕ್ಕನ ಕಿರುಬೆರಳು

ಅಕ್ಕನ ಎಡಗೈ ಕಿರುಬೆರಳು ನೆಟ್ಟಗಿರಲಿಲ್ಲ. ಕೀಬೋರ್ಡಿನ ಮೂಲೆಯ ಕಂಟ್ರೋಲ್ ಗುಂಡಿಯ ಮೇಲೆ ವರ್ಷಗಟ್ಟಲೆ ಕೂತು ಕೂತು ತುದಿಯಲ್ಲಿ ಹೊರಕ್ಕೆ ಬಾಗಿಬಿಟ್ಟಿತ್ತು. ಟೀ ಲೋಟ ಹಿಡಿದಾಗಲೂ, ಗಿರಾಕಿಗೆ ಬೈಯುತ್ತ ಕೈ ಬೀಸಿದಾಗಲೂ ಅದೊಂದು ಉಳಿದ ಬೆರಳುಗಳಿಂದ ದೂರ ನಿಂತಿರುತ್ತಿತ್ತು. ನಾನು ಅದನ್ನು ಕೊನೆಯ ಸಲ ನೋಡಿದ್ದು ನೆಲದ ಮೇಲೆ, ಕತ್ತರಿಸಿ ಬಿದ್ದ ಫ್ಲೆಕ್ಸ್ ಚೂರುಗಳ ನಡುವೆ.

ಕಾಡುಗೋಡಿ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಅವರ ಫ್ಲೆಕ್ಸ್ ಅಂಗಡಿ. ಊರಿನ ಹಳೆಯ ಮನೆತನ. ಹೊಲವಿದ್ದ ಜಾಗದಲ್ಲಿ ಬಾಡಿಗೆ ರೂಮುಗಳೆದ್ದ ಮೇಲೆ ಅವುಗಳನ್ನು ಅವರ ಅಣ್ಣ ನೋಡಿಕೊಳ್ಳುತ್ತಿದ್ದರು. ಅಕ್ಕ ಕೆಳಗೆ ಪ್ರಿಂಟಿಂಗ್ ಮಿಷನ್ ಇಟ್ಟುಕೊಂಡಿದ್ದರು. ಮೇಲಿನ ಒಂದು ರೂಮಿನಲ್ಲಿ ನಾನು ಬಾಡಿಗೆಗಿದ್ದೆ, ಎಲ್ಲರಂತೆ ಅವರನ್ನು ಅಕ್ಕ ಎನ್ನುತ್ತಿದ್ದೆ. ವೈಟ್‌ಫೀಲ್ಡಿನ ಕಾಲೇಜೊಂದರಲ್ಲಿ ಡಿಸೈನ್ ಓದುತ್ತಿದ್ದೆ. ಕೈ ಪಳಗಲಿ ಎಂದು ಮಧ್ಯಾಹ್ನದ ಮೇಲೆ ಅವರ ಅಂಗಡಿಯಲ್ಲಿ ಕೂರತೊಡಗಿದೆ. ಪೋಸ್ಟರಿನಲ್ಲಿ ಖಾಲಿ ಜಾಗ ಬಿಡಬೇಕು ಎಂದು ಕಾಲೇಜಿನಲ್ಲಿ ಕಲಿಸುತ್ತಿದ್ದರು. ಅಕ್ಕನ ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಸಾಸಿವೆಗೂ ಜಾಗವಿರುತ್ತಿರಲಿಲ್ಲ. ಒಮ್ಮೆ ಹಾಗಂದಿದ್ದಕ್ಕೆ ಅವರು ತಲೆ ಎತ್ತದೆಯೇ ಅಂದರು: "ಖಾಲಿ ಬಿಟ್ರೆ ಅಲ್ಲಿ ಇನ್ನೊಬ್ಬನ ಮೊಕ ಹಾಕು ಅಂತಾರೆ ಕಣಮ್ಮ."

ಮುಖಗಳೇ ಅವರ ಕಸುಬು. ನಡುವೆ ಲೀಡರ್ ದೊಡ್ಡದಾಗಿ, ಅಕ್ಕಪಕ್ಕ ಮಧ್ಯಮ ಗಾತ್ರದವರು, ಕೆಳಗೆ ಸಾಲಾಗಿ ಹುಡುಗರು. ಬೈಕ್ ಮೇಲೆ ತೆಗೆದ ಸೆಲ್ಫಿಗಳು ವಾಟ್ಸಾಪಿನಲ್ಲಿ ಬರುತ್ತಿದ್ದವು. ಅರ್ಧಕ್ಕರ್ಧ ಕುತ್ತಿಗೆಯೇ ಇರುತ್ತಿರಲಿಲ್ಲ. "ಇವನ್ ಕತ್ತು ಎಲ್ಲೋಯ್ತು?" ಎಂದು ಗೊಣಗಿಕೊಂಡು ಅಕ್ಕ ತಮ್ಮ ಸಂಗ್ರಹದಿಂದ ಒಂದು ಕುತ್ತಿಗೆ, ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ ತೆಗೆದು ಜೋಡಿಸುತ್ತಿದ್ದರು. ಒಂದೇ ಅಂಗಿಯನ್ನು ಇಡೀ ಹೋಬಳಿಯ ಹುಡುಗರು ತೊಟ್ಟಿದ್ದರು. ಕೂದಲಿನ ಅಂಚು ಬಿಡಿಸುವುದು, ಮುಖದ ನೆರಳು ಒಂದೇ ಕಡೆ ಬೀಳಿಸುವುದು, ಕಪ್ಪಗಿದ್ದವನನ್ನು ಸುಣ್ಣ ಬಳಿದ ಗೋಡೆ ಮಾಡದೆ ಬೆಳಗಿಸುವುದು, ಎಲ್ಲವನ್ನೂ ಅವರ ಪಕ್ಕ ಕೂತೇ ಕಲಿತೆ.

ಅವರು ಪದೇ ಪದೇ ಹೇಳುತ್ತಿದ್ದ ಮಾತೊಂದಿತ್ತು: "ಅಳಿಸ್ಬೇಡ, ಮುಚ್ಚು." ಚಿತ್ರವೆಂದರೆ ಒಂದರ ಮೇಲೊಂದು ಇಟ್ಟ ಗಾಜಿನಂಥ ಪದರಗಳು. ಪ್ರತಿ ಪದರದ ಪಕ್ಕ ಪುಟ್ಟ ಕಣ್ಣಿನ ಗುರುತು. ಕಣ್ಣು ಮುಚ್ಚಿದರೆ ಆ ಪದರ ಕಾಣುವುದಿಲ್ಲ. ಆದರೆ ಇದ್ದೇ ಇರುತ್ತದೆ, ನಾಳೆ ಬೇಕೆಂದರೆ ಸಿಗುತ್ತದೆ. ಅಕ್ಕ ಯಾವ ಫೈಲಿನಿಂದಲೂ ಏನನ್ನೂ ಎಸೆಯುತ್ತಿರಲಿಲ್ಲ.

ಆ ಅಭ್ಯಾಸವೇ ಮುಳುವಾಯಿತು.

ಊರಿನಲ್ಲಿ ಎರಡು ಗುಂಪುಗಳಿದ್ದವು. ಒಂದು ಗುಂಪಿನ ಹುಡುಗನೊಬ್ಬನನ್ನು ಕೆರೆಯ ಹಿಂದಿನ ಲೇಔಟಿನಲ್ಲಿ ಕಡಿದು ಹಾಕಿದ್ದರು. ಅವನ ಶ್ರದ್ಧಾಂಜಲಿ ಫ್ಲೆಕ್ಸ್ ಅಕ್ಕನೇ ಮಾಡಿದ್ದರು: ಚೆಂಡುಹೂವಿನ ಅಂಚು, ಎದೆಯ ಮುಂದೆ ಉರಿಯುವ ದೀಪ. ಅದಾದ ಕೆಲವೇ ದಿನಗಳಲ್ಲಿ ಇನ್ನೊಂದು ಗುಂಪಿನ ಲೀಡರನ ಹುಟ್ಟುಹಬ್ಬ ಬಂತು. ಅವಸರದ ಆರ್ಡರು. ನಾನು ಆ ದಿನ ಪರೀಕ್ಷೆಗೆ ಹೋಗಿದ್ದೆ. ಹೂವಿನ ಅಂಚು ಚೆನ್ನಾಗಿದೆಯೆಂದು ಅಕ್ಕ ಅದೇ ಹಳೆಯ ಫೈಲು ತೆರೆದು, ಸತ್ತವನ ಮುಖ ಮುಚ್ಚಿ, ಅಕ್ಷರ ಮುಚ್ಚಿ, ಹೊಸ ಮುಖಗಳನ್ನು ಕೂರಿಸಿದರು. ದೀಪ ಹೂವಿನ ಜೊತೆಗೇ ಕಟ್ಟಿದ ಪದರಗಳಲ್ಲಿ ಉಳಿದುಕೊಂಡಿತ್ತು. ಅವರು ಮುಖಗಳನ್ನು ಹಿಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದರು, ಕಣ್ಣಿಗೆ ಬೀಳಲಿಲ್ಲ. ಒಪ್ಪಿಗೆಗೆ ಕಳಿಸಿದ ಚಿತ್ರವನ್ನು ಆರ್ಡರು ಕೊಟ್ಟ ಹುಡುಗನೂ ಸರಿಯಾಗಿ ನೋಡಲಿಲ್ಲ. "ಸೂಪರ್ ಅಕ್ಕ, ಹೊಡೀರಿ" ಎಂದು ಉತ್ತರಿಸಿದ್ದ.

ಮರುದಿನ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಲೀಡರ್ ಕೈಮುಗಿದು ನಗುತ್ತಿದ್ದ, ಅವನೆದುರು ಸತ್ತವನ ದೀಪ ಉರಿಯುತ್ತಿತ್ತು. ಜನ ನಿಂತು ಫೋಟೋ ಹೊಡೆದುಕೊಂಡರು. ಅದನ್ನು ಯಾರೂ ತಪ್ಪೆಂದು ಓದಲಿಲ್ಲ. ಮುಂದಿನ ಸರದಿ ಇವನದು ಎಂದು ಓದಿದರು.

ಮಧ್ಯಾಹ್ನ ನಾನು ಸಿಸ್ಟಮ್ಮಿನ ಮುಂದೆ ಕೂತು ಒಂದು ಲಗ್ನಪತ್ರಿಕೆಗೆ ಹೆಸರು ಟೈಪ್ ಮಾಡುತ್ತಿದ್ದೆ. ಅಕ್ಕ ನೆಲದಲ್ಲಿ ಫ್ಲೆಕ್ಸ್ ಹರಡಿ ಅಂಚು ಕತ್ತರಿಸುತ್ತಿದ್ದರು. ಶಟರ್ ಅರ್ಧ ಇಳಿದ ಸದ್ದು ಬಂತು. ಆ ಸದ್ದು ಈಗಲೂ ನನ್ನ ಬೆನ್ನೊಳಗೆ ಇಳಿಯುತ್ತದೆ. ಬಂದವರಲ್ಲಿ ಮುಂದಿದ್ದವನು ಸೂಪರ್ ಅಕ್ಕ ಎಂದವನೇ. ಒಪ್ಪಿಗೆ ಕೊಟ್ಟವನು ಅವನು. ತಾನು ಎದುರು ಗುಂಪಿನ ಕಡೆಯವನಲ್ಲ ಎಂದು ಉಳಿದವರಿಗೆ ತೋರಿಸಬೇಕಿತ್ತು. ಕೈಯಲ್ಲಿ ಮಚ್ಚು.

"ಏನಕ್ಕಾ, ನಮ್ಮಣ್ಣಂಗೆ ಬದುಕಿರೋವಾಗ್ಲೇ ದೀಪ ಹಚ್ಬಿಟ್ಟೆ?" ಎಂದ, ಮೆಲ್ಲಗೆ. "ಯಾರು ಹೇಳಿ ಮಾಡ್ಸಿದ್ದು?"

ಅಕ್ಕ ಎದ್ದು, ಯಾರೂ ಹೇಳಿಲ್ಲ, ಹಳೇ ಫೈಲಿನಲ್ಲಿ ಉಳಿದುಬಿಟ್ಟಿತ್ತು ಎಂದು ವಿವರಿಸಿದರು. ಪದರ, ಕಣ್ಣು ಎಂದೆಲ್ಲ ಹೇಳಿದರು. ಹಿಂದೆ ನಿಂತವನೊಬ್ಬ ನಕ್ಕ. ಅಷ್ಟರಲ್ಲಿ ಮುಂದಿದ್ದವನ ಕಣ್ಣು ನನ್ನ ಮೇಲೆ ಬಿತ್ತು. ಕಂಪ್ಯೂಟರಿನ ಮುಂದೆ ಕೂತಿದ್ದವಳು ನಾನು ತಾನೆ. ಜಡೆ ಹಿಡಿದು ತಲೆಯನ್ನು ಮೇಜಿಗೆ ಒತ್ತಿದ. ಇನ್ನೊಬ್ಬ ನನ್ನ ಎಡಗೈಯನ್ನು ಕೀಬೋರ್ಡಿಗೆ ಅದುಮಿ ಹಿಡಿದ.

"ಇದೇ ಕೈ ತಾನೆ ಹಚ್ಚಿದ್ದು?"

ಅಂಗೈ ಕೆಳಗೆ ಯಾವುದೋ ಗುಂಡಿ ಒತ್ತಿಕೊಂಡು, ಪರದೆಯ ಮೇಲೆ ಮದುಮಗಳ ಹೆಸರಿನ ಮುಂದೆ ಒಂದೇ ಅಕ್ಷರ ಸಾಲು ಸಾಲಾಗಿ ಓಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಬಿಡೋ ಅವಳ್ನ," ಎಂದರು ಅಕ್ಕ. "ಕಲಿಯಾಕೆ ಬಂದಿರೋ ಮಗ ಅದು. ಫೈಲು ನಂದು, ಕೈನೂ ನಂದೆ."

ಬಂದು ತಮ್ಮ ಎಡ ಅಂಗೈಯನ್ನು ನನ್ನ ಕೈ ಮೇಲೆ ಇಟ್ಟರು. ಬಿಸಿಯಾಗಿತ್ತು. ಹಿಡಿದವನು ಕೈ ಎಳೆದುಕೊಂಡ, ಮಚ್ಚಿನವನು ಎಳೆದುಕೊಳ್ಳಲಿಲ್ಲ. ಏಟು ಅವರ ಕೈಯ ಮೂಲಕ ನನ್ನ ಮೂಳೆಗೆ ಬಂತು. ಕೀಬೋರ್ಡಿನ ಗುಂಡಿಗಳು ಹಾರಿದವು. ನನಗೆ ಅಂಗೈಯ ಅಂಚು ಸೀಳಿತು, ಅಷ್ಟೆ. ಅವರ ಕಿರುಬೆರಳು ಮಾತ್ರ ಎಂದಿನಂತೆ ಹೊರಕ್ಕೆ ಚಾಚಿಕೊಂಡಿತ್ತು.

ಅಕ್ಕ ಕೂಗಲಿಲ್ಲ. ಅವನನ್ನು ನೋಡಿ, "ಆಯ್ತಲ್ಲ? ನಡಿ," ಎಂದರು. ಅವನ ಮುಖ ಬಿಳಿಚಿಕೊಂಡಿತ್ತು. ಹುಡುಗರು ಹೊರಟುಹೋದರು. ನಾನು ಕೈಗೆ ಸಿಕ್ಕಿದ ಫ್ಲೆಕ್ಸ್ ತುಂಡನ್ನೇ ಅಕ್ಕನ ಕೈಗೆ ಸುತ್ತಿದೆ. ಫ್ಲೆಕ್ಸ್ ರಕ್ತ ಹೀರುವುದಿಲ್ಲ. ಅದು ಜಾರಿ ಜಾರಿ ನನ್ನ ಮಡಿಲಿಗೆ ಸುರಿಯಿತು. "ದುಪಟ್ಟ ತೆಗಿಯಮ್ಮ," ಎಂದರು ಅಕ್ಕ, ಪಾಠ ಹೇಳುವ ದನಿಯಲ್ಲೇ. ಆಸ್ಪತ್ರೆಯಲ್ಲಿ ಬೆರಳನ್ನು ಕೂರಿಸಲಾಗಲಿಲ್ಲ.

ರಾಜಿಗೆ ಬಂದ ಊರ ಹಿರಿಯರಿಗೆ ಅಕ್ಕ ಕಾಫಿ ಕೊಟ್ಟು ಕಳಿಸಿದರು. ಪೊಲೀಸರಿಗೆ ಕೊಟ್ಟ ದೂರು ವಾಪಸು ತೆಗೆದುಕೊಳ್ಳಲಿಲ್ಲ. ಗಾಯ ಮಾಗಿದ ಮೇಲೆ ಅಂಗಡಿ ತೆರೆದು, ಉಂಗುರದ ಬೆರಳಲ್ಲಿ ಕಂಟ್ರೋಲ್ ಒತ್ತುವುದನ್ನು ರೂಢಿಸಿಕೊಂಡರು. ತಮ್ಮ ಮಾತಿಗೆ ಒಂದು ತಿದ್ದುಪಡಿಯನ್ನೂ ಸೇರಿಸಿದರು: "ದೀಪಾನ ಮಾತ್ರ ಎತ್ತಿಡ್ಬೇಡ. ಪ್ರತಿ ಸಲಿ ಹೊಸದು ಬರಿ." ಚಿತ್ರ ಬರೆಯುವುದನ್ನು ನಾನು ಕಲಿತದ್ದು ಹಾಗೆ. ಎಣ್ಣೆಯ ಹೊಳಪು, ಬತ್ತಿಯ ಕರಿ, ಗಾಳಿಗೆ ವಾಲಿದ ಉರಿ. ನನ್ನ ಗೆರೆ ಕೆಟ್ಟಾಗ ಅವರು ಬೇರೆಲ್ಲೋ ನೋಡುತ್ತಿದ್ದರು.

ಈಗ ನಾನು ಒಂದು ಟೆಕ್ ಪಾರ್ಕಿನಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದೇನೆ. ಬೆನ್ನ ಹಿಂದೆ ಯಾರಾದರೂ ಬಂದು ನಿಂತರೆ ಕೈಗಳು ತಾವಾಗಿ ಕೀಬೋರ್ಡಿನಿಂದ ಮೇಲೇಳುತ್ತವೆ.

ಈ ವರ್ಷ ಅಕ್ಕ ಹೃದಯಾಘಾತದಿಂದ ಹೋದರು, ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ. ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಕೊಡಲು ಅವರ ಅಣ್ಣ ನನ್ನನ್ನು ಕರೆದರು. ಇದ್ದ ಒಳ್ಳೆಯ ಫೋಟೋ ಒಂದೇ: ಅಕ್ಕ ಎಡಗೈಯನ್ನು ಕೆನ್ನೆಗಿಟ್ಟು ನಗುತ್ತಿದ್ದರು, ಬಲಗೈ ಮೇಜಿನ ಮೇಲಿತ್ತು. ಅಣ್ಣ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, "ಬೆರಳೊಂದು ಸೇರ್ಸಮ್ಮ, ಊರೆಲ್ಲ ನೋಡ್ತದೆ," ಎಂದರು.

ಬಲಗೈಯ ಕಿರುಬೆರಳನ್ನು ತೆಗೆದು, ತಿರುಗಿಸಿ, ಎಡಗೈಗೆ ಕೂರಿಸಿದೆ. ಅಕ್ಕನೇ ಕಲಿಸಿದ ಕೆಲಸ, ಅಂಚು ಗೊತ್ತಾಗುತ್ತಿರಲಿಲ್ಲ. ಆದರೆ ಬೆರಳು ನೆಟ್ಟಗಿತ್ತು. ಅದು ಅವರದಲ್ಲ.

ಆ ಪದರವನ್ನು ಮುಚ್ಚಲಿಲ್ಲ, ಅಳಿಸಿದೆ. ಅಣ್ಣ ಏನೋ ಹೇಳಹೊರಟವರು ಕೀಬೋರ್ಡಿನ ಮೇಲಿದ್ದ ನನ್ನ ಎಡಗೈಯನ್ನು ನೋಡಿದರು. ಅಂಚಿನ ಗಾಯದ ಗೆರೆ, ಕಂಟ್ರೋಲ್ ಗುಂಡಿಯ ಮೇಲೆ ನನ್ನ ಕಿರುಬೆರಳು. ಮತ್ತೆ ಕೇಳಲಿಲ್ಲ.

ನಾನು ದೀಪವನ್ನು ಹೊಸದಾಗಿ ಬರೆಯತೊಡಗಿದೆ.